ಫೋನಲ್ಲಿ ಡಾಕ್ಟರ್‌ನ ಕೇಳಿದ್ರೆ ಇನ್ಶೂರೆನ್ಸ್ ದುಡ್ಡು ಕೊಡುತ್ತಾ? ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಮೊದ್ಲು ಒಂದು ಟಿಪಿಎ ಆಫೀಸಲ್ಲಿ ಕ್ಲೇಮ್ ಫೈಲ್ ನೋಡ್ತಿದ್ದೆ. ಟಿಪಿಎ ಅಂದ್ರೆ ವಿಮಾ ಕಂಪನಿ ಪರವಾಗಿ ಬಿಲ್ಲು ಚೀಟಿ ಎಲ್ಲ ನೋಡಿ ಕೊಡಬಹುದು, ಕೊಡಬಾರದು ಅಂತ ಹೇಳೋ ಮಧ್ಯದೋರು. ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು, ಆದ್ರೆ ನಮ್ಮ ನೆಂಟರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ ಅನ್ಸುತ್ತೆ, ಮದುವೆ ಮನೆಲಿ ಎಲೆ ಮುಂದೆ ಕೂತಾಗ್ಲೂ ಪಕ್ಕದೋರು ಪಾಲಿಸಿ ವಿಷಯನೇ ತೆಗೀತಾರೆ. ಈಚೆಗೆ ಎಲ್ಲರದ್ದೂ ಒಂದೇ ಪ್ರಶ್ನೆ, ಆಪಲ್ಲಿ ಡಾಕ್ಟರ್‌ಗೆ ತೋರಿಸಿದ್ದು ಕ್ಲೇಮ್ ಆಗುತ್ತಾ ಅಂತ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಎಲ್ಲ ಒಂದು ಕಡೆ ಬರೆದು ಹಾಕ್ತಿದೀನಿ.

ಆನ್‌ಲೈನ್ ಕನ್ಸಲ್ಟೇಶನ್ ನನ್ನ ಪಾಲಿಸಿಲಿ ಕವರ್ ಆಗುತ್ತಾ?

ಪ್ರಶ್ನೆನೇ ಸ್ವಲ್ಪ ಬದಲಾಯಿಸ್ಕೊಳ್ಳಿ. "ನಾನು ಅಡ್ಮಿಟ್ ಆಗದೆ ಸುಮ್ನೆ ಕ್ಲಿನಿಕ್‌ಗೆ ಹೋಗಿ ತೋರಿಸ್ಕೊಂಡು ಬಂದ್ರೆ ನನ್ನ ಪಾಲಿಸಿ ಫೀಸು ಕೊಡುತ್ತಾ?" ಇದನ್ನ ಕೇಳಿ. ಕೊಡುತ್ತೆ ಅಂದ್ರೆ ಫೋನಲ್ಲಿ ಕೇಳಿದ್ರೂ ಕೊಡಬೇಕು, ಕೊಡಲ್ಲ ಅಂದ್ರೆ ಫೋನಲ್ಲೂ ಇಲ್ಲ ಎದುರಿಗೆ ಹೋದ್ರೂ ಇಲ್ಲ. ಇದು ನನ್ನ ಮಾತಲ್ಲ. ಕೊರೋನಾ ಟೈಮಲ್ಲಿ, 2020ರ ಜೂನ್ 11ಕ್ಕೆ, ವಿಮಾ ಕಂಪನಿಗಳ ಮೇಲಿನ ಪ್ರಾಧಿಕಾರ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಬರೆದು ಕಳಿಸ್ತು, ಪಾಲಿಸಿ ಪ್ರಕಾರ ಡಾಕ್ಟರ್ ಕನ್ಸಲ್ಟೇಶನ್‌ಗೆ ಎಲ್ಲೆಲ್ಲಿ ದುಡ್ಡು ಕೊಡ್ತೀರೋ ಅಲ್ಲೆಲ್ಲ ಟೆಲಿಮೆಡಿಸಿನ್‌ಗೂ, ಅಂದ್ರೆ ಫೋನು ವಿಡಿಯೋಲಿ ತೋರಿಸಿದ್ದಕ್ಕೂ ಕೊಡಿ, ಅದಕ್ಕೆ ಅಂತ ಪಾಲಿಸಿ ತಿದ್ದುಪಡಿ ಮಾಡಿ ಬೇರೆ ಪರ್ಮಿಶನ್ ತಗೊಳ್ಳೋದು ಬೇಡ ಅಂತ. ಆದ್ರೆ ಪಾಲಿಸಿಲಿ ಇರೋ ಲಿಮಿಟ್ಟು, ಒಂದೊಂದು ಖರ್ಚಿಗೆ ಬೇರೆ ಬೇರೆ ಇರೋ ಸಬ್ ಲಿಮಿಟ್ಟು ಎಲ್ಲ ಹಾಗೇ ಇರುತ್ತೆ ಅಂತಾನೂ ಅದ್ರಲ್ಲೇ ಹೇಳಿದಾರೆ. ಅಂದ್ರೆ ಹೊಸದಾಗಿ ಏನೂ ಕೊಡ್ಲಿಲ್ಲ, ಇರೋದನ್ನ ಫೋನಿಗೂ ಒಪ್ಪಿಸಿದ್ರು ಅಷ್ಟೆ. ಜನ ಅದನ್ನೇ "ಟೆಲಿಮೆಡಿಸಿನ್ ಎಲ್ಲ ಪಾಲಿಸಿಲೂ ಫ್ರೀ" ಅಂತ ಅರ್ಥ ಮಾಡ್ಕೊಂಡು ಫಾರ್ವರ್ಡ್ ಮಾಡಿದ್ರು, ನಾವು ಆಫೀಸಲ್ಲಿ ಕೂತು ಫೋನ್ ಎತ್ತಿ ಎತ್ತಿ ಉತ್ತರ ಕೊಟ್ವಿ.

ಹಾಗಾದ್ರೆ ನನ್ನ ಪಾಲಿಸಿಲಿ ಓಪಿಡಿ ಇದೆಯಾ ಅಂತ ಎಲ್ಲಿ ನೋಡೋದು?

ಅಡ್ಮಿಟ್ ಆಗದೆ ಹೊರಗಿಂದ್ಲೇ ತೋರಿಸ್ಕೊಂಡು ಬರೋದಕ್ಕೆ ಓಪಿಡಿ ಅಂತಾರೆ, ಗೊತ್ತಿರುತ್ತೆ. ನಿಮ್ಮ ಪಾಲಿಸಿ ಪಿಡಿಎಫ್ ತೆಗೀರಿ, ನಲವತ್ತು ಐವತ್ತು ಪುಟ ಇರುತ್ತೆ, ಎಲ್ಲ ಓದ್ಬೇಡಿ. ನಿಮ್ಮ ಹೆಸರು, ಸಮ್ ಇನ್ಶೂರ್ಡ್ (ವರ್ಷಕ್ಕೆ ಜಾಸ್ತಿ ಅಂದ್ರೆ ಎಷ್ಟು ಕೊಡ್ತಾರೆ ಅನ್ನೋ ಮೊತ್ತ), ಪ್ರೀಮಿಯಂ ಬರೆದಿರೋ ಮೊದಲ ಎರಡು ಮೂರು ಪುಟ ಇದ್ಯಲ್ಲ, ಅದೇ ಶೆಡ್ಯೂಲ್. ಅದ್ರಲ್ಲಿ ಔಟ್ ಪೇಶೆಂಟ್ ಅಥವಾ ಓಪಿಡಿ ಅಂತ ಒಂದು ಸಾಲು ಇದ್ದು ಅದರ ಎದುರು ಒಂದು ಮೊತ್ತ ಬರೆದಿದ್ರೆ ಇದೆ. ಸಾಲೇ ಇಲ್ಲ ಅಂದ್ರೆ ಇಲ್ಲ. "ನಾಟ್ ಕವರ್ಡ್" ಅಂತ ಇದ್ರೂ ಇಲ್ಲ. ಏಜೆಂಟ್ "ಎಲ್ಲ ಇದೆ ಸಾರ್" ಅಂದಿದ್ರೆ ಆ ಸಾಲು ತೋರಿಸಿ ಅಂತ ಕೇಳಿ, ಅಲ್ಲಿಗೆ ಮುಗೀತು.

ನಮ್ಮಲ್ಲಿ ಬಹಳಷ್ಟು ಜನ ಇಟ್ಕೊಂಡಿರೋ ಮಾಮೂಲಿ ಪಾಲಿಸಿಗಳು 24 ಗಂಟೆ ಆಸ್ಪತ್ರೇಲಿ ಮಲಗಿದ್ರೆ ಕೊಡೋ ಅಂಥವು, ಜೊತೆಗೆ ಕಣ್ಣಿನ ಪೊರೆ ಆಪರೇಶನ್, ಡಯಾಲಿಸಿಸ್ ಥರದ ಒಂದೇ ದಿನದ ಚಿಕಿತ್ಸೆಗಳು. ಜ್ವರಕ್ಕೆ ಕೊಟ್ಟ ಫೀಸು ಅದ್ರಲ್ಲಿ ಬರಲ್ಲ. ಕಂಪನಿ ಕಡೆಯಿಂದ ಸಿಗೋ ಗ್ರೂಪ್ ಪಾಲಿಸಿ ಇದ್ರೆ ಎಚ್‌ಆರ್‌ನ ಕೇಳಿ, ಅದ್ರಲ್ಲಿ ಓಪಿಡಿ ವ್ಯಾಲೆಟ್ ಅಂತ ವರ್ಷಕ್ಕೆ ಇಷ್ಟು ಅಂತ ಇಟ್ಟಿರ್ತಾರೆ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಮಾರ್ಚ್ ಮುಗಿದ ಮೇಲೆ ಅಯ್ಯೋ ಅಂತಾರೆ.

ನನ್ನ ಪಾಲಿಸಿ ಬ್ರೋಷರಲ್ಲಿ "ಅನ್‌ಲಿಮಿಟೆಡ್ ಫ್ರೀ ಟೆಲಿ ಕನ್ಸಲ್ಟೇಶನ್" ಅಂತಿದೆ, ಅದು ಓಪಿಡಿ ಅಲ್ವಾ?

ಅಲ್ಲ, ಅದು ಬೇರೆ ಇದು ಬೇರೆ. ಅದು ವಿಮಾ ಕಂಪನಿ ಯಾವುದೋ ಒಂದು ಆಪ್ ಜೊತೆ ಮಾಡ್ಕೊಂಡಿರೋ ಒಪ್ಪಂದ. ಅವರ ಆಪಲ್ಲಿ, ಅವರು ಕೂರಿಸಿರೋ ಡಾಕ್ಟರ್ ಹತ್ರ ಮಾತಾಡಿದ್ರೆ ದುಡ್ಡು ಇಲ್ಲ. ನೀವು ನಿಮಗೆ ಬೇಕಾದ ಡಾಕ್ಟರ್‌ಗೆ ವಿಡಿಯೋ ಕಾಲ್ ಮಾಡಿ ಐನೂರು ಕೊಟ್ಟು ಆ ಬಿಲ್ ತಂದು ಕೊಟ್ರೆ ಇದರ ಕೆಳಗೆ ಬರಲ್ಲ. ಮತ್ತೆ ಅನ್‌ಲಿಮಿಟೆಡ್ ಅಂದ್ರೆ ಜನರಲ್ ಫಿಸಿಶಿಯನ್ ಮಾತ್ರನಾ ಅಥವಾ ಚರ್ಮದ ಡಾಕ್ಟರು ಮಕ್ಕಳ ಡಾಕ್ಟರು ಎಲ್ಲಾನೂ ಇದ್ಯಾ, ಮನೇಲಿರೋ ಎಲ್ಲರಿಗೂ ಇದ್ಯಾ ಪಾಲಿಸಿದಾರನಿಗೆ ಮಾತ್ರನಾ, ಕನ್ನಡ ಮಾತಾಡೋ ಡಾಕ್ಟರ್ ಸಿಗ್ತಾರಾ, ಈ ಮೂರನ್ನ ಕೇಳ್ಕೊಳ್ಳಿ. ಮೂರನೇದು ಯಾಕೆ ಅಂದ್ರೆ ನಮ್ಮ ಅತ್ತೆಗೆ ಒಂದ್ಸಲ ಹಿಂದಿ ಡಾಕ್ಟರ್ ಕನೆಕ್ಟ್ ಆಗಿ, "ಹೊಟ್ಟೆ ತೊಳಸುತ್ತೆ" ಅನ್ನೋದನ್ನ ಹಿಂದಿಲಿ ಹೇಳೋಕೆ ನಾವು ಮೂರು ಜನ ಸೇರ್ಕೊಂಡು ಒದ್ದಾಡಿದ್ವಿ.

ಇಷ್ಟೆಲ್ಲ ಹೇಳಿದ್ರೂ ಆ ಸೌಲಭ್ಯ ಇದ್ರೆ ಬಳಸಿ, ಪ್ರೀಮಿಯಂ ಕಟ್ಟಿದೀರ ತಾನೆ. ಸಾಮಾನ್ಯವಾಗಿ ಅದು ಕ್ಲೇಮ್ ಅಂತ ಲೆಕ್ಕಕ್ಕೆ ಹೋಗಲ್ಲ, ಹಾಗಾಗಿ ಕ್ಲೇಮ್ ಮಾಡದ ವರ್ಷಕ್ಕೆ ಸಿಗೋ ನೋ ಕ್ಲೇಮ್ ಬೋನಸ್ ಹೋಗುತ್ತೆ ಅನ್ನೋ ಭಯ ಬೇಡ.

ಓಪಿಡಿ ಇಲ್ಲ ಅಂತ ಗೊತ್ತಾಯ್ತು. ಹಾಗಿದ್ರೆ ಫೋನ್ ಕನ್ಸಲ್ಟೇಶನ್‌ಗೆ ಒಂದು ರೂಪಾಯಿನೂ ಬರಲ್ವಾ?

ಬರೋ ದಾರಿ ಒಂದಿದೆ, ಇದನ್ನೇ ಜನ ಬಿಟ್ಟುಬಿಡೋದು. ನೀವು ಯಾವುದಾದ್ರೂ ಕಾಯಿಲೆಗೆ ಅಡ್ಮಿಟ್ ಆದ್ರೆ, ಅಡ್ಮಿಟ್ ಆಗೋಕೆ ಮುಂಚಿನ ಕೆಲವು ದಿನ ಮತ್ತೆ ಡಿಸ್ಚಾರ್ಜ್ ಆದ ಮೇಲಿನ ಕೆಲವು ದಿನದ ಖರ್ಚನ್ನ ಪಾಲಿಸಿ ಕೊಡುತ್ತೆ, ಅದೇ ಕಾಯಿಲೆಗೆ ಸಂಬಂಧಪಟ್ಟಿದ್ದಾದ್ರೆ. ಆರೋಗ್ಯ ಸಂಜೀವನಿ ಅಂತ ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರೋ ಪಾಲಿಸಿ ಇದ್ಯಲ್ಲ, 2020ರ ಏಪ್ರಿಲ್‌ನಿಂದ ಬಂದಿದ್ದು, ಅದ್ರಲ್ಲಿ ಮುಂಚೆ 30 ದಿನ ಆಮೇಲೆ 60 ದಿನ. ಬೇರೆ ಪಾಲಿಸಿಗಳಲ್ಲಿ ಇದಕ್ಕಿಂತ ಜಾಸ್ತಿನೂ ಇರುತ್ತೆ.

ಈಗ ಒಂದು ಲೆಕ್ಕ ಹಾಕಿ. ತೀರ್ಥಹಳ್ಳಿ ಕಡೆ ಒಬ್ಬರಿಗೆ ಪಿತ್ತಕೋಶದಲ್ಲಿ ಕಲ್ಲು. ಮೊದ್ಲು ಹೊಟ್ಟೆನೋವು ಅಂತ ಬೆಂಗಳೂರಿನ ಡಾಕ್ಟರ್‌ಗೆ ವಿಡಿಯೋ ಕಾಲ್, ಅವರು ಸ್ಕ್ಯಾನ್ ಮಾಡ್ಸಿ ಅಂದ್ರು, ಶಿವಮೊಗ್ಗದಲ್ಲಿ ಸ್ಕ್ಯಾನ್, ಮತ್ತೆ ವಿಡಿಯೋ ಕಾಲಲ್ಲಿ ರಿಪೋರ್ಟ್ ತೋರಿಸಿದ್ದು, ಮೂರು ವಾರ ಆದ್ಮೇಲೆ ಬೆಂಗಳೂರಲ್ಲಿ ಆಪರೇಶನ್, ಊರಿಗೆ ವಾಪಸ್ ಹೋದ್ಮೇಲೆ ಹೊಲಿಗೆ ಒಣಗಿದ್ಯಾ ಅಂತ ನೋಡೋಕೆ ಎರಡು ವಿಡಿಯೋ ಕಾಲ್. ಈ ನಾಲ್ಕೂ ಕನ್ಸಲ್ಟೇಶನ್ ಫೀಸು, ಸ್ಕ್ಯಾನ್ ದುಡ್ಡು, ಆಮೇಲಿನ ಮಾತ್ರೆ ಎಲ್ಲ ಕೇಳಬಹುದು. ಆದ್ರೆ ಜನ ಆಸ್ಪತ್ರೆ ಬಿಲ್ ಕ್ಯಾಶ್‌ಲೆಸ್ ಆಯ್ತಲ್ಲ ಅಂತ ಖುಷಿಯಾಗಿ ಮನೆಗೆ ಹೋಗ್ಬಿಡ್ತಾರೆ, ಇದನ್ನ ಬೇರೆ ರೀಇಂಬರ್ಸ್‌ಮೆಂಟ್ ಫಾರಂ, ಅಂದ್ರೆ ಕೈಯಿಂದ ಕೊಟ್ಟ ದುಡ್ಡು ವಾಪಸ್ ಕೇಳೋ ಫಾರಂ ತುಂಬಿ ಕಳಿಸ್ಬೇಕು ಅನ್ನೋದೇ ಯಾರೂ ಹೇಳಿರಲ್ಲ. ಕಳಿಸೋಕೆ ಕಡೇ ದಿನ ಇರುತ್ತೆ, ಪಾಲಿಸಿಲಿ ನೋಡ್ಕೊಳ್ಳಿ. ಆ ದಿನ ದಾಟಿದ ಫೈಲ್ ಟೇಬಲ್ ಮೇಲೆ ಬಂದ್ರೆ ನೋಡೋರಿಗೂ ಏನ್ ಮಾಡೋದು ಅಂತ ಗೊತ್ತಾಗಲ್ಲ.

ವಾಟ್ಸಾಪಲ್ಲಿ ಡಾಕ್ಟರ್ ಮದ್ದು ಹೇಳೋದು ಕಾನೂನು ಪ್ರಕಾರ ಸರೀನಾ?

ಸರಿ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 25ಕ್ಕೆ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸ್ತು, ಲಾಕ್‌ಡೌನ್ ಶುರುವಾದ ಮೊದಲ ದಿನವೇ. ವಿಡಿಯೋ, ಫೋನು, ಚಾಟು, ಈಮೇಲು ಎಲ್ಲ ಒಪ್ಪಿಗೆ. ಅದಕ್ಕೂ ಮುಂಚೆ ಟೆಲಿಮೆಡಿಸಿನ್ ಇರಲಿಲ್ಲ ಅಂತಲ್ಲ, 2000ದ ದಶಕದ ಶುರುವಲ್ಲೇ ಇಸ್ರೋ ಸ್ಯಾಟಲೈಟ್ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ, ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆ ಎರಡನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಆದ್ರೆ ಡಾಕ್ಟರ್ ಏನು ಮಾಡಬಹುದು ಏನು ಮಾಡಬಾರದು ಅಂತ ಸ್ಪಷ್ಟವಾಗಿ ಬರೆದಿಟ್ಟಿದ್ದು 2020ರಲ್ಲೇ.

ಕೆಲವು ಮುಖ್ಯ ಸಂಗತಿ. ಡಾಕ್ಟರ್ ಇಲ್ಲಿ ರಿಜಿಸ್ಟರ್ ಆಗಿರ್ಬೇಕು, ರಿಜಿಸ್ಟ್ರೇಶನ್ ನಂಬರ್ ಚೀಟಿ ಮೇಲೆ ಇರ್ಬೇಕು. ನೀವು ಯಾರು ಅಂತ ಅವರಿಗೆ, ಅವರು ಯಾರು ಅಂತ ನಿಮಗೆ ಗೊತ್ತಿರ್ಬೇಕು, ಹೆಸರು ಮುಚ್ಚಿಟ್ಟು ಕನ್ಸಲ್ಟೇಶನ್ ಇಲ್ಲ. ನೀವಾಗೇ ಫೋನ್ ಮಾಡಿದ್ರೆ ಒಪ್ಪಿಗೆ ಕೊಟ್ಟಂಗೆ ಲೆಕ್ಕ, ಅದೇ ನರ್ಸೋ ಮನೆಯೋರೋ ನಿಮ್ಮ ಪರವಾಗಿ ಮಾಡಿದ್ರೆ ಒಪ್ಪಿಗೆ ಬಾಯಿಬಿಟ್ಟು ಹೇಳ್ಬೇಕು. 16 ವರ್ಷ ಅಥವಾ ಅದಕ್ಕಿಂತ ಚಿಕ್ಕೋರಾದ್ರೆ ಜೊತೇಲಿ ದೊಡ್ಡೋರು ಇರ್ಲೇಬೇಕು. ಕಂಪ್ಯೂಟರ್ ತಾನಾಗೇ ರೋಗಿಗೆ ಸಲಹೆ ಕೊಡೋದು, ಮದ್ದು ಬರಿಯೋದು ಮಾಡಂಗಿಲ್ಲ, ಡಾಕ್ಟರ್‌ಗೆ ಸಹಾಯ ಮಾಡಬಹುದು ಅಷ್ಟೆ. ಆಪಲ್ಲಿ ಬಾಟ್ ಜೊತೆ ಹತ್ತು ನಿಮಿಷ ಚಾಟ್ ಮಾಡಿ ಅದರ ಬಿಲ್ ಕಳಿಸಿದ್ರೆ ಕ್ಲೇಮ್ ಆಗಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ.

ಎಲ್ಲ ಮಾತ್ರೆನೂ ಫೋನಲ್ಲೇ ಬರೆದುಕೊಡ್ತಾರಾ?

ಇಲ್ಲ. ಪ್ಯಾರಾಸಿಟಮಾಲ್, ಓಆರ್‌ಎಸ್ ಥರದ್ದು ಹೇಗೆ ಕೇಳಿದ್ರೂ ಬರೀಬಹುದು. ಇನ್ನೊಂದಿಷ್ಟನ್ನ ಮೊದಲ ಸಲ ಆದ್ರೆ ವಿಡಿಯೋದಲ್ಲಿ ನೋಡಿನೇ ಬರೀಬೇಕು. ಬಿಪಿಗೆ ಈಗಾಗ್ಲೇ ಮಾತ್ರೆ ತಗೊಳ್ತಿರೋರಿಗೆ ಇನ್ನೊಂದು ಸೇರಿಸೋ ಥರದ್ದು, ಅದೇ ಡಾಕ್ಟರು ಮೊದ್ಲು ಎದುರಿಗೆ ನೋಡಿದ್ದು ಆರು ತಿಂಗಳ ಒಳಗಿದ್ರೆ ಫಾಲೋ ಅಪ್ ಅಂತ ಬರೀಬಹುದು. ಶೆಡ್ಯೂಲ್ ಎಕ್ಸ್ ಅಂತ ಕಾನೂನು ಬಿಗಿಯಾಗಿ ಹಿಡಿದಿಟ್ಟಿರೋ ಮದ್ದು ಮತ್ತೆ ಮಾರ್ಫಿನ್ ಥರ ಮಾದಕ ವಸ್ತು ಕಾಯ್ದೆ ಕೆಳಗೆ ಬರೋವು ಫೋನಲ್ಲಿ ಬರೆಯಂಗಿಲ್ಲ, ಎಷ್ಟು ಗೋಗರೆದ್ರೂ. ಡಾಕ್ಟರ್ ಇಲ್ಲ ಅಂದ್ರೆ ಅವರ ಮೇಲೆ ರೇಗಬೇಡಿ, ಅವರ ರಿಜಿಸ್ಟ್ರೇಶನ್ ಪ್ರಶ್ನೆ ಅದು.

ಕ್ಲೇಮ್‌ಗೆ ಏನೇನು ಕಾಗದ ಬೇಕು?

ಫೋನ್ ಕನ್ಸಲ್ಟೇಶನ್ ಕ್ಲೇಮ್‌ಗಳು ಬೀಳೋದು ಇಲ್ಲೇ. ಟೆಲಿಮೆಡಿಸಿನ್ ಅನ್ನೋ ಕಾರಣಕ್ಕೆ ರಿಜೆಕ್ಟ್ ಆಗಿದ್ದು ನಾನು ನೋಡಿದ್ದು ಕಮ್ಮಿ, ಕಾಗದ ಸರಿ ಇಲ್ದೆ ರಿಜೆಕ್ಟ್ ಆಗಿದ್ದು ರಾಶಿ ರಾಶಿ.

ನಂದೇ ಕಥೆ ಹೇಳ್ತೀನಿ, ಕ್ಲೇಮ್ ನೋಡೋ ಕೆಲಸದಲ್ಲಿದ್ದವನೇ ಮಣ್ಣು ಮುಕ್ಕಿದ್ದು. ಅಮ್ಮನಿಗೆ ಕಾಲಲ್ಲಿ ಕಜ್ಜಿ ಥರ ಆಗಿತ್ತು, ನಮಗೆ ಮೊದಲಿಂದ ಗೊತ್ತಿರೋ ಡಾಕ್ಟರ್‌ಗೆ ಫೋಟೋ ಕಳಿಸಿ ವಿಡಿಯೋದಲ್ಲಿ ತೋರಿಸಿದ್ವಿ, ಅವರು ನೋಡಿ ಎರಡು ಮಾತ್ರೆ ಒಂದು ಮುಲಾಮಿನ ಹೆಸರು ವಾಟ್ಸಾಪಲ್ಲಿ ಟೈಪ್ ಮಾಡಿ ಹಾಕಿದ್ರು, ನಾನು ಯುಪಿಐಲಿ ಮುನ್ನೂರು ಕಳಿಸ್ದೆ, ಮೆಡಿಕಲಲ್ಲಿ ಎಂಟುನೂರು ಚಿಲ್ಲರೆ ಆಯ್ತು. ಆಫೀಸ್ ಗ್ರೂಪ್ ಪಾಲಿಸಿಲಿ ಓಪಿಡಿ ಇತ್ತು, ಹಾಕ್ದೆ. ಪೂರ್ತಿ ರಿಜೆಕ್ಟ್. ಯಾಕೆ? ಚೀಟಿ ಅಂತ ಕೊಟ್ಟಿದ್ದು ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟು, ಅದ್ರಲ್ಲಿ ಅಮ್ಮನ ಹೆಸರಿಲ್ಲ, ತಾರೀಖಿಲ್ಲ, ಸಹಿ ಇಲ್ಲ, ರಿಜಿಸ್ಟ್ರೇಶನ್ ನಂಬರ್ ಇಲ್ಲ. ಫೀಸಿಗೆ ಕೊಟ್ಟಿದ್ದು ಯುಪಿಐ ಸ್ಕ್ರೀನ್‌ಶಾಟು. ದುಡ್ಡು ಹೋಗಿದೆ ಅಂತ ಗೊತ್ತಾಗುತ್ತೆ, ಯಾಕೆ ಹೋಯ್ತು ಅಂತ ಹೇಗೆ ಗೊತ್ತಾಗ್ಬೇಕು, ಡಾಕ್ಟರ್‌ಗೆ ನಾನು ಹಲಸಿನಕಾಯಿ ದುಡ್ಡು ಕೊಡ್ಬೇಕಿತ್ತೋ ಏನೋ. ಅದೇ ಟೇಬಲ್ಲಲ್ಲಿ ಕೂತಿದ್ರೆ ನಾನೂ ರಿಜೆಕ್ಟ್ ಮಾಡ್ತಿದ್ದೆ ಅನ್ನೋದೇ ಹೊಟ್ಟೆ ಉರಿಸಿದ್ದು.

ಹಂಗಾಗಿ ಫೋನ್ ಇಡೋಕೆ ಮುಂಚೆನೇ ಡಾಕ್ಟರ್‌ನ ಕೇಳ್ಬಿಡಿ, "ಡಾಕ್ಟ್ರೇ, ಒಂದು ಚೀಟಿ ಬರೆದು ಸಹಿ ಮಾಡಿ ಫೋಟೋ ಹಾಕ್ಬಿಡಿ, ಫೀಸಿಗೆ ಒಂದು ರಶೀದಿ ಬೇಕು" ಅಂತ. ಕೇಳೋಕೆ ಸಂಕೋಚ ಬೇಡ, ಸಹಿ ಮಾಡಿದ ಚೀಟಿಯ ಫೋಟೋ ಅಥವಾ ಸ್ಕ್ಯಾನ್ ಅಥವಾ ಇ-ಪ್ರಿಸ್ಕ್ರಿಪ್ಶನ್ ಕಳಿಸ್ಬೇಕು, ತಗೊಂಡ ಫೀಸಿಗೆ ರಶೀದಿ ಕೊಡ್ಬೇಕು ಅಂತ ಮಾರ್ಗಸೂಚಿಲೇ ಇದೆ. ಚೀಟಿಲಿ ರೋಗಿ ಹೆಸರು, ವಯಸ್ಸು, ತಾರೀಖು, ಏನು ತೊಂದರೆ, ಮದ್ದಿನ ಹೆಸರು, ಡಾಕ್ಟರ್ ಹೆಸರು, ನಂಬರ್, ಸಹಿ ಇರ್ಲಿ. ಮೆಡಿಕಲ್ ಬಿಲ್ಲಲ್ಲೂ ರೋಗಿ ಹೆಸರು, ಡಾಕ್ಟರ್ ಹೆಸರು ಹಾಕ್ಸಿ, ಅಂಗಡಿಯೋರು ಅವಸರದಲ್ಲಿ "ಕ್ಯಾಶ್" ಅಂತ ಬರೆದು ಕೊಟ್ಬಿಡ್ತಾರೆ. ಚೀಟಿಲಿ ಇಲ್ಲದ ಟಾನಿಕ್ಕು, ಸೋಪು ಅದೇ ಬಿಲ್ಲಲ್ಲಿ ಸೇರಿಸ್ಬೇಡಿ.

ಡಾಕ್ಟರ್ ನಂಬರ್ ನಿಜಾನಾ ಅಂತ ಅನುಮಾನ ಬಂದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಅಥವಾ ನ್ಯಾಷನಲ್ ಮೆಡಿಕಲ್ ಕಮಿಷನ್ ವೆಬ್‌ಸೈಟಲ್ಲಿ ಹುಡುಕಿ ನೋಡ್ಬಹುದು.

ಆಪ್ ನನ್ನ ಹೆಸರಲ್ಲಿದೆ, ತೋರಿಸಿದ್ದು ಅಮ್ಮನಿಗೆ. ತೊಂದ್ರೆ ಆಗುತ್ತಾ?

ಆಗುತ್ತೆ. ಆಪಲ್ಲಿ ಬುಕ್ ಮಾಡೋವಾಗ "ಬೇರೆಯೋರಿಗೆ" ಅಂತ ಆಯ್ಕೆ ಇರುತ್ತೆ, ಅಮ್ಮನ ಪ್ರೊಫೈಲ್ ಸೇರಿಸಿ ಅದ್ರಲ್ಲೇ ಬುಕ್ ಮಾಡಿ. ಇಲ್ಲಾಂದ್ರೆ 34 ವರ್ಷದ ಗಂಡಸಿನ ಹೆಸರಲ್ಲಿ ಮುಟ್ಟು ನಿಂತ ಮೇಲಿನ ತೊಂದರೆಗೆ ಚೀಟಿ ಬರುತ್ತೆ. ನಗಬೇಡಿ, ಅಂಥ ಫೈಲ್ ನಾನೇ ನೋಡಿದೀನಿ.

ಫೋನ್ ಡಾಕ್ಟರ್ ಹತ್ರ ಹೇಳಿದ್ದೆಲ್ಲ ವಿಮಾ ಕಂಪನಿಗೆ ಗೊತ್ತಾಗುತ್ತಾ?

ನೀವು ಕ್ಲೇಮ್ ಜೊತೆ ಕೊಟ್ಟ ಚೀಟಿಲಿ ಇರೋದು ಗೊತ್ತಾಗೇ ಆಗುತ್ತೆ. ಕ್ಲಿನಿಕ್ಕಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಲಿ ಹೋಗ್ತಿತ್ತು, ಆಪಲ್ಲಿ "ಐದು ವರ್ಷದಿಂದ ಶುಗರ್ ಇದೆ" ಅಂದ್ರೆ ಅದು ಪಿಡಿಎಫ್ ಆಗಿ ಕೂರುತ್ತೆ. ಪಾಲಿಸಿ ತಗೊಂಡು ಎರಡು ವರ್ಷ, ಫಾರಂನಲ್ಲಿ ಶುಗರ್ ಇಲ್ಲ ಅಂತ ಬರೆದಿದ್ರೆ, ಸಿಕ್ಕಿಹಾಕ್ಕೊಂಡ್ರಿ. ಇದಕ್ಕೆ ಡಾಕ್ಟರ್ ಹತ್ರ ಸುಳ್ಳು ಹೇಳೋದು ಪರಿಹಾರ ಅಲ್ಲ ಮತ್ತೆ, ಫಾರಂ ತುಂಬೋವಾಗ್ಲೇ ನಿಜ ಬರೀರಿ. ಏಜೆಂಟ್ "ಅದೆಲ್ಲ ಬೇಡ ಬಿಡಿ ಮೇಡಂ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದ್ರೂ ಬರೀರಿ. ಮೊದಲೇ ಇದ್ದ ಕಾಯಿಲೆಗೆ ಕಾಯಿಸೋ ಅವಧಿ ಈಗ ಜಾಸ್ತಿ ಅಂದ್ರೆ 36 ತಿಂಗಳು, ಆಮೇಲೆ ಅದೂ ಕವರ್ ಆಗುತ್ತೆ. 60 ತಿಂಗಳು ಬಿಡದೆ ಪಾಲಿಸಿ ನಡೆಸಿದ್ರೆ, ಮೋಸ ಅಂತ ಸಾಬೀತಾದ್ರೆ ಬಿಟ್ಟು, ಹಳೇದನ್ನ ಕೆದಕಿ ಕ್ಲೇಮ್ ನಿರಾಕರಿಸೋ ಹಂಗಿಲ್ಲ.

ಆಯುಷ್ಮಾನ್ ಕಾರ್ಡು, ಯಶಸ್ವಿನಿ ಇದ್ರೆ ಆನ್‌ಲೈನ್ ಡಾಕ್ಟರ್ ಫೀಸು ಸಿಗುತ್ತಾ?

ಸಿಗಲ್ಲ. ನಮ್ಮ ರಾಜ್ಯದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ಇದು ಅಡ್ಮಿಟ್ ಆಗೋ ದೊಡ್ಡ ಚಿಕಿತ್ಸೆಗೆ ಅಂತ ಮಾಡಿರೋದು. ಸಹಕಾರ ಸಂಘದ ಸದಸ್ಯರ ಯಶಸ್ವಿನಿನೂ ಆಸ್ಪತ್ರೆ ಚಿಕಿತ್ಸೆಗೇ. ಮತ್ತೆ ಎಮರ್ಜೆನ್ಸಿ ಬಿಟ್ಟು ಖಾಸಗಿ ಆಸ್ಪತ್ರೆಗೆ ಆರೋಗ್ಯ ಕರ್ನಾಟಕದಲ್ಲಿ ಹೋಗ್ಬೇಕು ಅಂದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಖಾಸಗಿ ಆಪಲ್ಲಿ ಡಾಕ್ಟರ್ "ಹೈಯರ್ ಸೆಂಟರ್‌ಗೆ ಹೋಗಿ" ಅಂತ ಬರೆದಿದ್ದು ಆ ರೆಫರಲ್ ಆಗಲ್ಲ.

ಹಾಗೇ ಇನ್ನೊಂದು ಗೊಂದಲ, ಅಭಾ ಕಾರ್ಡ್. ಹದಿನಾಲ್ಕು ಅಂಕಿಯ ನಂಬರ್ ಇರುತ್ತಲ್ಲ, ಅದು ಇನ್ಶೂರೆನ್ಸ್ ಅಲ್ಲ. ನಿಮ್ಮ ರಿಪೋರ್ಟು ಚೀಟಿ ಎಲ್ಲ ಒಂದು ನಂಬರ್ ಕೆಳಗೆ ಜೋಡಿಸಿಡೋಕೆ ಅಷ್ಟೆ. ಸೈಬರ್ ಸೆಂಟರಲ್ಲಿ ಐವತ್ತು ರೂಪಾಯಿ ಕೊಟ್ಟು ಲ್ಯಾಮಿನೇಟ್ ಮಾಡ್ಸಿ "ಐದು ಲಕ್ಷದ ಕಾರ್ಡು" ಅಂತ ಪರ್ಸಲ್ಲಿ ಇಟ್ಕೊಂಡಿರೋರು ನಮ್ಮ ಬೀದಿಲೇ ಇದಾರೆ.

ಇಎಸ್‌ಐ ಇದೆ, ಅದ್ರಲ್ಲಿ?

ತಿಂಗಳಿಗೆ 21,000ದವರೆಗೆ ಸಂಬಳ ಇರೋ ಕೆಲಸಗಾರರ ಸರ್ಕಾರಿ ವಿಮೆ ಇಎಸ್‌ಐ, ನಿಮ್ಮ ಸಂಬಳದಿಂದ 0.75%, ಮಾಲೀಕರಿಂದ 3.25%. ಇದ್ರಲ್ಲಿ ಡಿಸ್ಪೆನ್ಸರಿಲಿ ತೋರಿಸೋದು, ಮದ್ದು ಎಲ್ಲ ಸೇರಿದೆ, ಅಂದ್ರೆ ದುಬಾರಿ ಪಾಲಿಸಿಗಳಲ್ಲೂ ಇಲ್ಲದ ಓಪಿಡಿ ಪೀಣ್ಯದ ಗಾರ್ಮೆಂಟ್ಸ್ ಕೆಲಸದೋರಿಗೆ ಇದೆ. ಕ್ಯೂ ಉದ್ದ ಇರುತ್ತೆ, ಒಪ್ಕೊಳ್ತೀನಿ. ಹೊರಗಿನ ಆಪಲ್ಲಿ ಕೊಟ್ಟ ಫೀಸು ವಾಪಸ್ ಬರುತ್ತೆ ಅಂತ ಮಾತ್ರ ನಂಬ್ಕೊಂಡು ಕೂರ್ಬೇಡಿ.

ಯಾವ ಇನ್ಶೂರೆನ್ಸೂ ಇಲ್ಲ. ಫ್ರೀ ಆಗಿ ಡಾಕ್ಟರ್ ಸಿಗ್ತಾರಾ?

ಸಿಗ್ತಾರೆ, ಇದು ನಾನು ಎಲ್ಲರಿಗೂ ಮೊದ್ಲು ಹೇಳೋದು. ಇಸಂಜೀವನಿ ಅಂತ ಕೇಂದ್ರ ಸರ್ಕಾರದ್ದು, ಮೊಹಾಲಿಯ ಸಿ-ಡಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಮಾಡಿದ್ದು. ಮನೇಲಿ ಕೂತು ನೇರವಾಗಿ ಡಾಕ್ಟರ್ ಹತ್ರ ಮಾತಾಡೋ ಓಪಿಡಿ 2020ರ ಏಪ್ರಿಲ್‌ನಲ್ಲಿ ಶುರುವಾಯ್ತು, 2023ರ ಫೆಬ್ರವರಿ ಹೊತ್ತಿಗೆ ಒಟ್ಟು 10 ಕೋಟಿ ಕನ್ಸಲ್ಟೇಶನ್ ದಾಟಿತ್ತು. ಮೊಬೈಲ್ ನಂಬರ್ ಹಾಕಿ, ಓಟಿಪಿ ಬರುತ್ತೆ, ವಿವರ ತುಂಬಿದ್ರೆ ಟೋಕನ್, ನಿಮ್ಮ ಸರದಿ ಬಂದಾಗ ವಿಡಿಯೋ, ಮುಗಿದ್ಮೇಲೆ ಇ-ಚೀಟಿ ಡೌನ್‌ಲೋಡ್. ಚೀಟಿ ಸರಿಯಾಗೇ ಇರುತ್ತೆ, ಖಾಸಗಿ ಡಾಕ್ಟರ್ ಕೈಬರಹಕ್ಕಿಂತ ಸಾವಿರ ಪಾಲು ವಾಸಿ. ಫೀಸೇ ಇಲ್ಲ ಅಂದ್ಮೇಲೆ ಅದರ ಕ್ಲೇಮ್ ಪ್ರಶ್ನೆ ಇಲ್ಲ, ಆದ್ರೆ ನಿಮ್ಮ ಪಾಲಿಸಿಲಿ ಓಪಿಡಿ ಮದ್ದಿನ ಖರ್ಚು ಇದ್ರೆ ಆ ಚೀಟಿ ಇಟ್ಟು ಮೆಡಿಕಲ್ ಬಿಲ್ ಹಾಕಿ.

ಮನಸ್ಸಿನ ತೊಂದರೆಗೆ, ಕೌನ್ಸೆಲಿಂಗ್‌ಗೆ?

ಮೊದ್ಲು 14416 ಬರೆದಿಟ್ಕೊಳ್ಳಿ, ಟೆಲಿ ಮಾನಸ್. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಹಗಲು ರಾತ್ರಿ ಇರುತ್ತೆ, ಫ್ರೀ, ಕನ್ನಡದಲ್ಲಿ ಮಾತಾಡಬಹುದು.

ಇನ್ಶೂರೆನ್ಸ್ ವಿಷಯಕ್ಕೆ ಬಂದ್ರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಿ ಅಂತ ಹೇಳುತ್ತೆ. ಕೇಳೋಕೆ ಚಂದ. ಆದ್ರೆ ಮಾಮೂಲಿ ಪಾಲಿಸಿ ಅಡ್ಮಿಟ್ ಆದ್ರೆ ತಾನೆ ಕೊಡೋದು, ಡಿಪ್ರೆಶನ್‌ಗೆ ವಾರ ವಾರ ವಿಡಿಯೋಲಿ ತೋರಿಸೋರು ಯಾರು ಅಡ್ಮಿಟ್ ಆಗ್ತಾರೆ? ಅಲ್ಲಿಗೆ ಸಮಾನತೆ ಕಾಗದದಲ್ಲೇ ಉಳೀತು. ಓಪಿಡಿ ಇದ್ರೆ ಮನೋವೈದ್ಯರ ಫೀಸು ಕೇಳಬಹುದು. ಆದ್ರೆ ಸೈಕಾಲಜಿಸ್ಟು, ಕೌನ್ಸೆಲರ್ ಎಂಬಿಬಿಎಸ್ ಡಾಕ್ಟರ್ ಅಲ್ಲ, ಪಾಲಿಸಿಲಿ "ಮೆಡಿಕಲ್ ಪ್ರಾಕ್ಟೀಷನರ್" ಅಂತ ಮಾತ್ರ ಇದ್ರೆ ಅವರ ಫೀಸಿಗೆ ತಕರಾರು ಬರುತ್ತೆ. ಮೊದಲೇ ಮೇಲ್ ಹಾಕಿ ಕೇಳಿ ಬರಹದಲ್ಲಿ ಉತ್ತರ ತಗೊಳ್ಳಿ.

ಓಪಿಡಿ ರೈಡರ್ ತಗೊಳ್ಳೋದು ಲಾಭನಾ?

ರೈಡರ್ ಅಂದ್ರೆ ಜಾಸ್ತಿ ದುಡ್ಡು ಕಟ್ಟಿ ಪಾಲಿಸಿಗೆ ಸೇರಿಸ್ಕೊಳ್ಳೋ ಸೌಲಭ್ಯ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ರೈಡರ್‌ಗೆ ವರ್ಷಕ್ಕೆ 4,000 ಜಾಸ್ತಿ, ಓಪಿಡಿ ಲಿಮಿಟ್ 5,000. ವರ್ಷಕ್ಕೆ ಆರು ಸಲ 400 ರೂಪಾಯಿ ಡಾಕ್ಟರ್ ಹತ್ರ ಹೋದ್ರೆ 2,400. ಕೈಯಿಂದ ಕೊಡೋದೇ ವಾಸಿ ಅಲ್ವಾ. ಮನೇಲಿ ಶುಗರ್, ಥೈರಾಯ್ಡ್ ಅಂತ ತಿಂಗಳು ತಿಂಗಳು ಟೆಸ್ಟು ಮಾತ್ರೆ ಇರೋರಿದ್ದು ಅವೂ ಓಪಿಡಿಲಿ ಸೇರಿದ್ರೆ ಮಾತ್ರ ಲೆಕ್ಕ ಬೇರೆ. ನನ್ನ ಕೇಳಿದ್ರೆ ಗಟ್ಟಿಮುಟ್ಟಾಗಿರೋ ಮನೆಗೆ ರೈಡರ್ ಬೇಡ, ಆ ದುಡ್ಡಲ್ಲಿ ಸಮ್ ಇನ್ಶೂರ್ಡ್ ಜಾಸ್ತಿ ಮಾಡ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಮನೆಯೋರ ಹೆಸರಲ್ಲಿ ನೀವೇ ತಗೊಳ್ಳೋ ಹೆಲ್ತ್ ಪಾಲಿಸಿ ಮೇಲಿನ 18% ಜಿಎಸ್‌ಟಿ ತೆಗೆದಿದಾರೆ, ಹಳೇ ಪ್ರೀಮಿಯಂ ಚೀಟಿ ನೋಡಿ ಲೆಕ್ಕ ಹಾಕ್ಬೇಡಿ.

ಟ್ಯಾಕ್ಸಲ್ಲಿ ತೋರಿಸ್ಬಹುದಾ?

ಹಳೇ ಟ್ಯಾಕ್ಸ್ ಪದ್ಧತಿಲಿ ಇದ್ರೆ ಮಾತ್ರ. ಹೆಲ್ತ್ ಪ್ರೀಮಿಯಂಗೆ ಸಿಗೋ ಟ್ಯಾಕ್ಸ್ ವಿನಾಯಿತಿ, ನಾವು 80ಡಿ ಅಂತ ಕರೆಯೋದು, ಅದ್ರಲ್ಲಿ ಒಂದು ಸಣ್ಣ ಕಿಟಕಿ ಇದೆ, ಅಪ್ಪ ಅಮ್ಮನಿಗೆ 60 ದಾಟಿ, ಅವರಿಗೆ ಹೆಲ್ತ್ ಪಾಲಿಸಿನೇ ಇಲ್ಲದಿದ್ರೆ, ಅವರ ವೈದ್ಯಕೀಯ ಖರ್ಚನ್ನೇ 50,000ದವರೆಗೆ ತೋರಿಸಬಹುದು. ವಿಡಿಯೋ ಕಾಲ್ ಫೀಸೂ ವೈದ್ಯಕೀಯ ಖರ್ಚೇ. ನಗದು ಕೊಟ್ಟಿರ್ಬಾರದು, ಇಲ್ಲಿ ನಿಮ್ಮ ಯುಪಿಐ ಉಪಯೋಗಕ್ಕೆ ಬರುತ್ತೆ. ರಶೀದಿ ಇಲ್ಲೂ ಬೇಕು.

ನಾವು ಹೊರದೇಶದಲ್ಲಿದೀವಿ, ಊರಿನ ಡಾಕ್ಟರ್‌ಗೇ ವಿಡಿಯೋಲಿ ತೋರಿಸ್ತೀವಿ.

ಅಕ್ಕನೋ ಬಾವನೋ ಡಾಕ್ಟರಾಗಿದ್ರೆ ಎಲ್ಲರೂ ಮಾಡ್ತಾರೆ, ನಂಗೂ ಗೊತ್ತು. ಆದ್ರೆ ನಮ್ಮ 2020ರ ಮಾರ್ಗಸೂಚಿ ಭಾರತದ ಹೊರಗಿನ ಕನ್ಸಲ್ಟೇಶನ್‌ಗೆ ಅನ್ವಯ ಆಗಲ್ಲ, ಅಲ್ಲಿನ ಮೆಡಿಕಲ್ ಶಾಪಲ್ಲಿ ಇಲ್ಲಿನ ಚೀಟಿಗೆ ಮದ್ದು ಸಿಗುತ್ತೆ ಅಂತಾನೂ ನಂಬ್ಕೋಬೇಡಿ. ಉಲ್ಟಾ ಕೆಲಸ ಚೆನ್ನಾಗಿ ಆಗುತ್ತೆ, ನೀವು ಅಲ್ಲಿಂದ ಬುಕ್ ಮಾಡಿ, ಊರಲ್ಲಿರೋ ಅಪ್ಪನ ಇಲ್ಲಿನ ಡಾಕ್ಟರ್‌ಗೆ ವಿಡಿಯೋಲಿ ತೋರಿಸಿ, ಅಪ್ಪನ ಇಲ್ಲಿನ ಪಾಲಿಸಿಲಿ ಕ್ಲೇಮ್ ಮಾಡೋದು. ಬಿಲ್ ಅಪ್ಪನ ಹೆಸರಲ್ಲಿ ಇರ್ಲಿ.

ರಿಜೆಕ್ಟ್ ಮಾಡಿದ್ರು. ಮುಂದೆ?

ಯಾವ ಕಲಂ ಪ್ರಕಾರ ರಿಜೆಕ್ಟ್ ಅಂತ ಬರಹದಲ್ಲಿ ಕೇಳಿ. ಕಾಗದ ಕೊರತೆ ಆದ್ರೆ ಡಾಕ್ಟರ್‌ನ ಕೇಳಿ ಸರಿಯಾದ ಚೀಟಿ ತಗೊಂಡು ಮತ್ತೆ ಹಾಕಿ. "ಟೆಲಿ ಕನ್ಸಲ್ಟೇಶನ್ ಕೊಡಲ್ಲ" ಅಂತ ಅಂದಿದ್ರೆ, ನಿಮ್ಮ ಪಾಲಿಸಿಲಿ ಓಪಿಡಿ ಇದ್ರೆ, 2020ರ ಜೂನ್ 11ರ ಐಆರ್‌ಡಿಎಐ ಸೂಚನೆ ಅಂತ ತಾರೀಖು ಹಾಕಿ ಕಂಪನಿಯ ಗ್ರೀವೆನ್ಸ್, ಅಂದ್ರೆ ದೂರು ವಿಭಾಗಕ್ಕೆ ಮೇಲ್ ಮಾಡಿ. ತಾರೀಖು ಹಾಕಿ ಬರೆದ ಮೇಲ್‌ಗೆ ಒಳಗೆ ಬೇರೆಯದೇ ಮರ್ಯಾದೆ, ಅನುಭವದ ಮೇಲೆ ಹೇಳ್ತಿದೀನಿ. ಆಮೇಲೆ ಐಆರ್‌ಡಿಎಐಗೇ ದೂರು ಕೊಡೋ ಬಿಮಾ ಭರೋಸಾ ಪೋರ್ಟಲ್ ಇದೆ, 155255 ನಂಬರ್ ಇದೆ. ಒಂದು ತಿಂಗಳಾದ್ರೂ ಕಂಪನಿ ಉತ್ತರ ಕೊಡ್ಲಿಲ್ಲ, ಅಥವಾ ಕೊಟ್ಟ ಉತ್ತರ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ವಿಮೆ ತಕರಾರು ತೀರ್ಮಾನ ಮಾಡೋ ಇನ್ಶೂರೆನ್ಸ್ ಆಂಬುಡ್ಸ್‌ಮನ್, ಕರ್ನಾಟಕದೋರಿಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿ. ಫೀಸಿಲ್ಲ, ವಕೀಲರು ಬೇಡ, ಒಂದು ವರ್ಷದ ಒಳಗೆ ಹೋಗ್ಬೇಕು. ಮುನ್ನೂರು ರೂಪಾಯಿಗೆ ಅಲ್ಲಿವರೆಗೂ ಹೋಗ್ತೀರಾ ಅಂದ್ರೆ, ನಾನು ಹೋಗ್ಲಿಲ್ಲ.

ಫೋನ್ ಡಾಕ್ಟರ್ ಯಾವಾಗ ಬೇಡ?

ಎದೆನೋವು, ಉಸಿರು ಕಟ್ಟೋದು, ಮುಖ ಒಂದು ಕಡೆ ಸೊಟ್ಟ ಆಗೋದು, ಹಾವು ಕಚ್ಚಿದ್ದು, ಮಗುಗೆ ಫಿಟ್ಸ್ ಬಂದಿದ್ದು. ಇಂಥದ್ದಕ್ಕೆ ಆಪ್ ತೆಗೀಬೇಡಿ, 108. ಕ್ಲೇಮ್ ಬಗ್ಗೆ ಆಮೇಲೆ ಯೋಚಿಸಿ.

ಊರಲ್ಲಿ ಸಿಗ್ನಲ್ ಇಲ್ಲ, ಅಮ್ಮನಿಗೆ ಸ್ಮಾರ್ಟ್‌ಫೋನ್ ಬರಲ್ಲ. ಇದೆಲ್ಲ ಪೇಟೆಯೋರಿಗೆ ತಾನೆ?

ನಮ್ಮೂರೂ ಹಾಗೇ, ಫೋನ್ ಮಾಡ್ಬೇಕು ಅಂದ್ರೆ ಗುಡ್ಡದ ಮೇಲಿನ ಗೇರುಮರದ ಹತ್ರ ಹೋಗ್ಬೇಕು. ಆದ್ರೆ ಇಸಂಜೀವನಿಯ ಇನ್ನೊಂದು ರೂಪ ಇದೆ, 2019ರಲ್ಲೇ ಶುರುವಾಗಿದ್ದು ಅದೇ ಮೊದ್ಲು. ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಹಾಕೊಂಡಿದ್ಯಲ್ಲ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ಒಬ್ಬರು ಇರ್ತಾರೆ, ಅವರು ಬಿಪಿ ಶುಗರ್ ನೋಡಿ, ತಾವೇ ಲಾಗಿನ್ ಆಗಿ ದೊಡ್ಡ ಆಸ್ಪತ್ರೆ ಡಾಕ್ಟರ್‌ನ ಸ್ಕ್ರೀನಲ್ಲಿ ಕರೆದು ರೋಗಿ ಪಕ್ಕದಲ್ಲೇ ಕೂತು ಮಾತಾಡಿಸ್ತಾರೆ. ಅಮ್ಮ ಹೋದ ತಿಂಗಳು ಹಾಗೇ ಮಂಡಿನೋವಿಗೆ ತೋರಿಸ್ಕೊಂಡು ಬಂದ್ಳು. ಯಾವತ್ತು ಡಾಕ್ಟರ್ ಸಿಗ್ತಾರೆ ಅಂತ ಆಶಾ ಕಾರ್ಯಕರ್ತೆನ ಮೊದಲೇ ಕೇಳ್ಕೊಂಡು ಹೋಗ್ಲಿ, ಕರೆಂಟ್ ಇರೋ ಹೊತ್ತಲ್ಲಿ.